ಕನ್ನಡದ ಬೇಲ, ಮರಾಠಿಯ ಬೇಲ್

ಪುಣೆಯಲ್ಲಿ ಮರಗಳಿಗೆ ಹೆಸರಿನ ಫಲಕ ಹಾಕುವವರ ಜೊತೆ ನನ್ನದೊಂದು ಹಳೆಯ ತಕರಾರಿದೆ. ಉದ್ಯಾನಗಳಲ್ಲಿ, ಕಾಲೇಜುಗಳಲ್ಲಿ, ಇತ್ತೀಚೆಗೆ ಹೌಸಿಂಗ್ ಸೊಸೈಟಿಗಳಲ್ಲೂ ಸಣ್ಣ ತಗಡಿನ ಫಲಕಗಳು ಕಾಣಿಸುತ್ತವೆ. ಕೆಲವು ಕಡೆ ಬರೀ ಲ್ಯಾಟಿನ್ ಹೆಸರು. ಓದೋಕೆ ನಾಲಿಗೆ ಹೊರಳದೆ ಜನ ಮುಂದೆ ಹೋಗಿಬಿಡುತ್ತಾರೆ. ಇನ್ನು ಕೆಲವು ಕಡೆ ಬರೀ ಮರಾಠಿ ಹೆಸರು. ಅದನ್ನು ಓದಿ ನನ್ನಂಥ ಹೊರಗಿನಿಂದ ಬಂದವರು ತಮಗೆ ಗೊತ್ತಿರುವ ಯಾವುದೋ ಮರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಎರಡೂ ಹೆಸರು ಇರಲೇಬೇಕು, ಮತ್ತೆ ಮೂರನೆಯದೊಂದನ್ನು ನಾವು ನಾವೇ ಮನೆಯಲ್ಲಿ ಜೋಡಿಸಿಕೊಳ್ಳಬೇಕು ಅನ್ನೋದು ನನ್ನ ವಾದ. ನೆರಳು ಕೊಟ್ಟರೆ ಸಾಲದೇ, ಹೆಸರು ಕಟ್ಟಿಕೊಂಡು ಏನಾಗಬೇಕು ಅಂತ ನೀವು ಕೇಳಬಹುದು. ಸ್ವಲ್ಪ ಉದ್ದದ ಉತ್ತರ ಇದೆ.

ಮೊದಲು ಬೇಲದ ಕತೆ. ನಮ್ಮ ಕಟ್ಟಡದಲ್ಲಿ ಮೈಸೂರು ಕಡೆಯ ಒಂದು ಕುಟುಂಬ ಇದೆ. ಒಂದು ವರ್ಷ ರಾಮನವಮಿಗೆ ಅವರ ಮನೆಗೆ ಬಂದಿದ್ದ ಅಜ್ಜಿ, ಪಾನಕಕ್ಕೆ ಬೇಲದ ಹಣ್ಣು ಬೇಕು ಅಂತ ಮೊಮ್ಮಗನನ್ನು ಮಂಡಯಿಗೆ ಅಟ್ಟಿದರು. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಅಚ್ಚ ಮರಾಠಿಯಲ್ಲಿ "ಬೇಲ್" ಕೇಳಿದ. ಅಂಗಡಿಯವನೂ ಪ್ರಾಮಾಣಿಕವಾಗಿ ಬೇಲನ್ನೇ ಕೊಟ್ಟ. ಅಜ್ಜಿ ಒಡೆದು ಮೂಸಿ, "ಇದು ಬೇಲ ಅಲ್ವಲ್ಲೋ, ಬಿಲ್ವದ ಕಾಯಿ! ಇದರಲ್ಲಿ ಎಲ್ಲಿಯ ಪಾನಕ" ಅಂದರು. (ಉತ್ತರ ಭಾರತದಲ್ಲಿ ಇದರದ್ದೇ ಶರಬತ್ತು ಮಾಡುತ್ತಾರೆ, ಆದರೆ ಅಜ್ಜಿಯ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?) "ಅಜ್ಜಿ, ನೀವು ಕೇಳೂದಕ್ಕ ಇಲ್ಲೆ ಕವಠ ಅಂತಾರ್ರಿ. ನಮ್ಮ ಕಡೆ ಬೆಳವಲಕಾಯಿ" ಅಂತ ನಾನು ಹೇಳಿದೆ. "ಬೆಳವಲವೋ ಕವಠವೋ, ಹಣ್ಣು ಬಂದರೆ ಸರಿಯಪ್ಪಾ" ಅಂದರು.

ಲೆಕ್ಕ ಹಾಕಿ ನೋಡಿ. ಮೈಸೂರಿನ ಬೇಲ, ಧಾರವಾಡ ಕಡೆಯ ಬೆಳವಲ, ಪುಣೆಯ ಕವಠ, ಮೂರೂ ಒಂದೇ ಮರ. ಮೈಸೂರಿನ ಬೇಲ, ಪುಣೆಯ ಬೇಲ್, ಎರಡೂ ಬೇರೆ ಬೇರೆ ಮರ. ಕನ್ನಡಿಗನೊಬ್ಬನಿಗೆ ಇನ್ನೊಬ್ಬ ಕನ್ನಡಿಗನ ಹೆಸರು ಗೊತ್ತಿಲ್ಲ, ಮರಾಠಿಯವನ ಹೆಸರು ಗೊತ್ತಿದೆ ಅಂದುಕೊಂಡರೆ ಅದು ಬೇರೆ ಹಣ್ಣು. ಇಲ್ಲಿ ಪಂಚಾಯ್ತಿ ಮಾಡೋಕೆ ಬರುವುದು ಲ್ಯಾಟಿನ್ನೇ. ಅಜ್ಜಿಯ ಹಣ್ಣು ಲಿಮೋನಿಯ ಅಸಿಡಿಸಿಮ, ಶಿವನ ಎಲೆ ಈಗಲ್ ಮಾರ್ಮೆಲೋಸ್. ಎರಡೂ ನಿಂಬೆಯ ಕುಟುಂಬದವು, ಎರಡಕ್ಕೂ ಕಟ್ಟಿಗೆಯಂಥ ಗಟ್ಟಿ ಚಿಪ್ಪು. ಗೊಂದಲ ಆಗೋದು ಸಹಜ. ಎಲೆ ನೋಡಿದರೆ ಮುಗಿಯಿತು: ಬಿಲ್ವಕ್ಕೆ ಮೂರು ದಳ, ಬೇಲಕ್ಕೆ ಸಾಮಾನ್ಯವಾಗಿ ಐದು ಅಥವಾ ಏಳು. ಮಹಾಶಿವರಾತ್ರಿ ಬಂದಾಗ ಪುಣೆಯ ರಸ್ತೆಗಳಲ್ಲಿ ಬೇಲ್ ಎಲೆಯೂ ಕವಠದ ಹಣ್ಣೂ ಅಕ್ಕಪಕ್ಕದಲ್ಲೇ ಮಾರಾಟಕ್ಕಿರುತ್ತವೆ. ಯಾರಿಗಾದರೂ ಮರಗಳ ಪಾಠ ಹೇಳಬೇಕಾದರೆ ಆ ದಿನಕ್ಕಿಂತ ಒಳ್ಳೆಯ ದಿನ ಇಲ್ಲ.

ಹಾಗಂತ ಲ್ಯಾಟಿನ್ ಹೆಸರು ಬ್ರಹ್ಮಲಿಖಿತ ಅಂತ ತಿಳಿಯುವವರ ಗುಂಪಿಗೂ ನಾನು ಸೇರಿದವನಲ್ಲ. ನನ್ನ ಊರು ಸವಣೂರಿನ ಹತ್ತಿರ. (ಈಗ ಹಾವೇರಿ ಜಿಲ್ಲೆ, ನಾನು ಊರು ಬಿಡುವಾಗ ಧಾರವಾಡ ಜಿಲ್ಲೆ.) ಸವಣೂರಿನ ದೊಡ್ಡಹುಣಸೆ ಮಠದ ಆ ಮೂರು ದೈತ್ಯ ಮರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನಾಲ್ಕಾರು ಜನ ಕೈಕೈ ಹಿಡಿದು ನಿಂತರೂ ಬುಡ ತಬ್ಬೋಕೆ ಆಗಲ್ಲ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿದ ಸುದ್ದಿ ಓದಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಮಗೆ ಅದು ದೊಡ್ಡ ಹುಣಸೆ. ಪುಣೆಯಲ್ಲೂ ಅಲ್ಲೊಂದು ಇಲ್ಲೊಂದು ಅದೇ ಮರ ಇದೆ, ಮರಾಠಿಯಲ್ಲಿ ಗೋರಖ ಚಿಂಚ, ಅಂದರೆ ಗೋರಖನಾಥನ ಹುಣಸೆ. ಗಮನಿಸಿದಿರಾ? ಎರಡು ಭಾಷೆಯವರಿಗೂ ಅದು ಹುಣಸೆಯಾಗಿ ಕಂಡಿದೆ. ಕಾರಣ ಸರಳ, ಹಣ್ಣಿನ ಒಳಗಿನ ಹಿಟ್ಟಿನಂಥ ತಿರುಳು ಹುಳಿ. ನಮ್ಮವರು ಬಾಯಿಗೆ ಹಾಕಿಕೊಂಡು ಹೆಸರಿಟ್ಟರು.

ಸಸ್ಯಶಾಸ್ತ್ರದ ಪ್ರಕಾರ ಅದಕ್ಕೂ ಹುಣಸೆಗೂ ಸಂಬಂಧವೇ ಇಲ್ಲ. ಅದು ಆಫ್ರಿಕಾದ ಬಾವೊಬಾಬ್, ಅಡನ್ಸೋನಿಯ ಡಿಜಿಟೇಟ. 18ನೇ ಶತಮಾನದಲ್ಲಿ ಸೆನೆಗಲ್‌ಗೆ ಹೋಗಿ ಅದನ್ನು ಕಂಡು ಬರೆದ ಮಿಶೆಲ್ ಅಡಾನ್ಸನ್ ಎಂಬ ಫ್ರೆಂಚ್ ಪಂಡಿತನ ಹೆಸರು, ಜೊತೆಗೆ ಬೆರಳಿನಂತೆ ಹರಡಿದ ಎಲೆ. ಸರಿ, ಲ್ಯಾಟಿನ್ ಗೆದ್ದಿತು ಅಂತೀರಾ? ಹಾಗಾದರೆ ಅಸಲಿ ಹುಣಸೆಯ ಶಾಸ್ತ್ರೀಯ ಹೆಸರು ನೋಡಿ: ಟಮರಿಂಡಸ್ ಇಂಡಿಕ. ಮೊದಲ ಪದ ಅರಬ್ಬರ "ತಮರ್ ಹಿಂದಿ", ಅಂದರೆ ಹಿಂದೂಸ್ಥಾನದ ಖರ್ಜೂರ. ಎರಡನೆಯದು ಮತ್ತೆ ಇಂಡಿಯಾ. ಎರಡು ಸಲ ಭಾರತದ್ದು ಅಂತ ಸಾರಿ ಹೇಳುವ ಈ ಮರದ ಮೂಲವೂ ಆಫ್ರಿಕಾ ಅಂತಲೇ ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ! ನಮ್ಮಜ್ಜಿಯ ಹೆಸರು ಸುಳ್ಳು ಹೇಳಿದ್ದರೆ ಲಿನೇಯಸ್ ಸಾಹೇಬರ ಹೆಸರೂ ಅಷ್ಟೇ ಸುಳ್ಳು ಹೇಳುತ್ತಿದೆ. ವ್ಯತ್ಯಾಸ ಒಂದೇ. ಲಿನೇಯಸ್‌ನ ಹೆಸರು ಪುಣೆಯಲ್ಲೂ ಸವಣೂರಲ್ಲೂ ಸೆನೆಗಲ್‌ನಲ್ಲೂ ಒಂದೇ ಮರವನ್ನು ಬೆರಳು ಮಾಡಿ ತೋರಿಸುತ್ತದೆ. ಅದಕ್ಕೆ ಸತ್ಯದ ಹಂಗಿಲ್ಲ, ವಿಳಾಸದ ಹಂಗು ಮಾತ್ರ.

ಆ ವಿಳಾಸವೂ ಆಗಾಗ ಬದಲಾಗುತ್ತದೆ ಅನ್ನೋದು ಇನ್ನೊಂದು ತಮಾಷೆ. ನಮ್ಮ ಹೊಲದ ಬದುವಿನ ಕರಿಜಾಲಿ, ಮರಾಠಿಯ ಬಾಭೂಳ, ನಾವು ಓದುವ ಕಾಲಕ್ಕೆ ಅಕೇಶಿಯ ಆಗಿತ್ತು. ಅಕೇಶಿಯ ಎಂಬ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟುಕೊಡಬೇಕೆಂದು 2005ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ತೀರ್ಮಾನವಾಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಈಗ ನಮ್ಮದು ವಾಚೆಲಿಯ ನೈಲೋಟಿಕ. ಅಷ್ಟೆಲ್ಲ ಗಲಾಟೆ ನಡೆದಾಗ ನಮ್ಮೂರಲ್ಲಿ ಜಾಲಿ ಜಾಲಿಯಾಗಿಯೇ ಇತ್ತು, ಮುಳ್ಳೂ ಮೊದಲಿನಷ್ಟೇ ಚುಚ್ಚುತ್ತಿತ್ತು.

ಲ್ಯಾಟಿನ್ ಹೆಸರು ಅಂದರೆ ಪರಕೀಯ, ನಮ್ಮ ಹೆಸರು ಅಂದರೆ ಸ್ವದೇಶಿ ಅಂತ ಜಗಳ ಆಡುವವರು ಹೊಂಗೆ ಮರದ ಕೆಳಗೆ ಐದು ನಿಮಿಷ ಕೂತುಕೊಳ್ಳಬೇಕು. ಪುಣೆಯಲ್ಲಿ ಅದು ಕರಂಜ. ಶಾಸ್ತ್ರೀಯವಾಗಿ ಪೊಂಗೇಮಿಯ ಪಿನ್ನೇಟ (ಕೆಲವರು ಈಗ ಮಿಲೇಷಿಯ ಅನ್ನುತ್ತಾರೆ, ಇರಲಿ). ಈ ಪೊಂಗೇಮಿಯ ಎಲ್ಲಿಂದ ಬಂತು? ನಮ್ಮ ನೆರೆಯ ತಮಿಳು, ಮಲಯಾಳಗಳ ಪುಂಗಂ, ಪೊಂಗಂ ಎಂಬ ಹೆಸರಿನಿಂದ. ಹಳಗನ್ನಡದ ಪಾಲು ಹಾಲಾಗಿ, ಪೂ ಹೂವಾಗಿ, ಪಕಾರವೆಲ್ಲ ಹಕಾರವಾದದ್ದು ನೆನಪಿದೆಯಲ್ಲ? ಹೊಂಗೆಯ ಹ ತೆಗೆದು ಪ ಹಾಕಿ ನೋಡಿ. ಯುರೋಪಿನ ಗ್ರಂಥಗಳಲ್ಲಿ ಕೋಟು ಹಾಕಿಕೊಂಡು ನಿಂತಿರುವುದು ನಮ್ಮ ದಾಯಾದಿಯೇ.

ಇದು ಒಂದೇ ಮರದ ಕತೆಯಲ್ಲ. ಡಚ್ಚರ ಗವರ್ನರ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚು ಹಾಕಿಸಿದ, ಹೋರ್ಟಸ್ ಮಲಬಾರಿಕಸ್ ಅಂತ. ಅದರ ಹೂರಣ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಆ ಮೂವರ ಹೇಳಿಕೆ ನಾಗರಿ ಲಿಪಿಯ ಕೊಂಕಣಿಯಲ್ಲೇ ಆ ಪುಸ್ತಕದಲ್ಲಿ ಅಚ್ಚಾಗಿದೆ. ಮುಂದೆ ಲಿನೇಯಸ್ 1753ರಲ್ಲಿ ಗಿಡಮರಗಳಿಗೆಲ್ಲ ಎರಡು ಪದದ ಹೆಸರಿಡುತ್ತ ಹೋದಾಗ ಮಲಬಾರಿನ ಮರಗಳಿಗೆ ಈ ಸಂಪುಟಗಳನ್ನೇ ನೆಚ್ಚಿಕೊಂಡ. ಅಂದರೆ ಶಾಸ್ತ್ರೀಯ ಹೆಸರಿನ ಹಿಂದೆ ನಮ್ಮ ಹಳ್ಳಿ ವೈದ್ಯರ ತಲೆ ಕೆಲಸ ಮಾಡಿದೆ. ಪುಸ್ತಕದ ಮುಖಪುಟದಲ್ಲಿ ಮಾತ್ರ ಸಾಹೇಬರ ಹೆಸರು.

ಹಾಗಾದರೆ ಊರ ಹೆಸರು ಯಾಕೆ ಬೇಕು? ಯಾಕೆಂದರೆ ಅದು ಮರದ ಜೊತೆ ಬದುಕಿದವರು ಬರೆದಿಟ್ಟ ಟಿಪ್ಪಣಿ. ಅರ್ಜುನ ಅಂತ ಪುಣೆಯಲ್ಲಿ ರಸ್ತೆ ಬದಿಗೂ ನೆಡುವ ಮರಕ್ಕೆ ಕನ್ನಡದಲ್ಲಿ ಹೊಳೆಮತ್ತಿ. ಮಹಾರಾಷ್ಟ್ರದ ರಾಜ್ಯಪುಷ್ಪ ತಾಮಣಕ್ಕೆ ಕನ್ನಡದಲ್ಲಿ ಹೊಳೆದಾಸವಾಳ. ಎರಡರಲ್ಲೂ "ಹೊಳೆ" ಇದೆ, ನೋಡಿ. ಈ ಮರಕ್ಕೆ ಎಲ್ಲಿ ಇಷ್ಟ ಅಂತ ಹೆಸರೇ ಹೇಳಿಬಿಡುತ್ತದೆ. ತಾಮಣದ ಲ್ಯಾಟಿನ್ ಹೆಸರಾದ ಲ್ಯಾಗರ್‌ಸ್ಟ್ರೋಮಿಯದಲ್ಲಿ ಇರುವುದು ಲಿನೇಯಸ್‌ಗೆ ಗಿಡಗಳನ್ನು ತರಿಸಿಕೊಡುತ್ತಿದ್ದ ಸ್ವೀಡನ್ನಿನ ವ್ಯಾಪಾರಿಯೊಬ್ಬನ ಹೆಸರು. ಆತ ದೊಡ್ಡ ಮನುಷ್ಯನೇ ಇರಬಹುದು, ಆದರೆ ಸಸಿ ಎಲ್ಲಿ ನೆಡಬೇಕು ಅನ್ನೋದಕ್ಕೆ ಅವನಿಂದ ಏನೂ ಪ್ರಯೋಜನವಿಲ್ಲ.

ಹೊಳೆ ಅಂದಾಗ ಮುಳಾ-ಮುಠಾ ನೆನಪಾಗುತ್ತದೆ. ನದೀ ದಂಡೆ ಅಭಿವೃದ್ಧಿ ಯೋಜನೆಗೆ 2022ರ ಮಾರ್ಚಿನಲ್ಲಿ ಶಂಕುಸ್ಥಾಪನೆ ಆಯಿತು. 2023ರ ಏಪ್ರಿಲ್‌ನಲ್ಲಿ ಮರ ಕಡಿಯುವುದರ ವಿರುದ್ಧ ಸಾವಿರಾರು ಪುಣೇಕರರು ಚಿಪ್ಕೊ ಮಾದರಿಯಲ್ಲಿ ಬೀದಿಗಿಳಿದರು. ಕಡಿದ ಮರಕ್ಕೆ ಬದಲು ಬೇರೆ ಕಡೆ ಇಷ್ಟು ಸಸಿ ನೆಡುತ್ತೇವೆ ಅನ್ನುವ ಮಾತು ಇಂಥ ಎಲ್ಲ ಕಡೆಯೂ ಬರುತ್ತದೆ. ಕೇಳೋಕೆ ಚೆನ್ನಾಗಿರುತ್ತದೆ. ಆದರೆ ದಂಡೆಯ ವಾಳುಂಜ, ಉಂಬರ (ನಮ್ಮ ಅತ್ತಿ), ಕರಂಜ ಇವುಗಳ ಹೆಸರು, ಸ್ವಭಾವ ಗೊತ್ತಿದ್ದವನು ಮಾತ್ರ "ನೀರಿನ ಮರವನ್ನು ತಗೊಂಡು ಹೋಗಿ ಗುಡ್ಡದ ಮೇಲೆ ನೆಟ್ಟರೆ ಹೇಗ್ರೀ?" ಅಂತ ಕೇಳಬಲ್ಲ. ಉಳಿದವರಿಗೆ ಮರ ಅಂದರೆ ಮರ, ಒಂದಕ್ಕೊಂದು ಲೆಕ್ಕ ಸರಿಹೋಯಿತು.

ಊರ ಹೆಸರಿನ ಮೇಲೂ ಕಣ್ಣು ಮುಚ್ಚಿ ನಂಬಿಕೆ ಬೇಡ ಅನ್ನೋದಕ್ಕೆ ಒಂದು ಉದಾಹರಣೆ ಕೊಟ್ಟುಬಿಡುತ್ತೇನೆ. ಬೆಳಗಿನ ವಾಕಿಂಗಿಗೆ ವೇತಾಳ ಟೇಕಡಿ ಹತ್ತುವವರಿಗೆ ಗಿರಿಪುಷ್ಪ ಚೆನ್ನಾಗಿ ಗೊತ್ತು. ಬೇಸಿಗೆ ಬರುವ ಮುಂಚೆ ಎಲೆ ಉದುರಿಸಿ ಮೈತುಂಬ ತಿಳಿಗುಲಾಬಿ ಹೂ ಬಿಡುತ್ತದೆ. ಹೆಸರು ಕೇಳಿದರೆ ಕಾಳಿದಾಸನ ಕಾಲದಿಂದ ಇಲ್ಲೇ ಇದ್ದ ಮರ ಅನಿಸಬೇಕು. ಅದು ಮೆಕ್ಸಿಕೋ, ಮಧ್ಯ ಅಮೆರಿಕದ ಗ್ಲಿರಿಸಿಡಿಯ. ಬೇಗ ಹಸಿರಾಗಲಿ, ದನ ತಿನ್ನದಿರಲಿ ಅಂತ ಅರಣ್ಯ ಇಲಾಖೆ ಪುಣೆಯ ಗುಡ್ಡಗಳ ಮೇಲೆ ನೆಟ್ಟದ್ದು. ಲ್ಯಾಟಿನ್ನಿನಲ್ಲಿ ಗ್ಲಿರಿಸಿಡಿಯ ಅಂದರೆ ಇಲಿ ಕೊಲ್ಲುವುದು, ಮರಾಠಿಯ ಇನ್ನೊಂದು ಹೆಸರು ಉಂದಿರಮಾರಿಯೂ ಅದೇ. ಕರ್ನಾಟಕದಲ್ಲಿ ಇದನ್ನು ಗೊಬ್ಬರದ ಗಿಡ ಅನ್ನುತ್ತೇವೆ, ಸೊಪ್ಪು ಕಡಿದು ಗದ್ದೆಗೆ ಹಾಕುವುದರಿಂದ. ಗೊಬ್ಬರದ ಗಿಡ ಅಂದರೆ ಉಪಯೋಗ ತಿಳಿಯಿತು, ಉಂದಿರಮಾರಿ ಅಂದರೆ ವಿಷ ತಿಳಿಯಿತು. ಗಿರಿಪುಷ್ಪ ಅಂದರೆ? ಕಚೇರಿಯಲ್ಲಿ ಕೂತವರು ಹೂ ನೋಡಿ ಇಟ್ಟ ಹೆಸರಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಅದೇ ಟೇಕಡಿಯಲ್ಲಿ ಮೊದಲಿನಿಂದ ಇದ್ದ ಸಾಲಯಿ, ಧಾವಡಾ (ನಮ್ಮ ದಿಂಡಿಗ) ಇವುಗಳ ಹೆಸರು ಕೇಳಿದರೆ ದಿನಾ ಹತ್ತುವವರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೆಸರಿನ ಗೊಂದಲದಲ್ಲಿ ದುಡ್ಡು ಮಾಡಿಕೊಳ್ಳುವವರೂ ಇದ್ದಾರೆ. ದಸರೆಗೆ ನಮ್ಮಲ್ಲಿ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂತೀವಿ, ಇಲ್ಲಿ ಆಪಟ್ಯಾ ಎಲೆಯನ್ನು "ಸೋನ" ಅಂತ ಕೊಡುತ್ತಾರೆ. ಬನ್ನಿ ಬೇರೆ ಮರ, ಆಪಟಾ ಬೇರೆ ಮರ, ಬಂಗಾರ ಮಾತ್ರ ಒಂದೇ. ಆಪಟಾ ಸಾಲದೆ ಬಂದಾಗ ಮಂದಾರ ಜಾತಿಯ ಕಾಂಚನದ ಎಲೆಯೂ ಅದೇ ಹೆಸರಲ್ಲಿ ಮಾರಾಟ ಆಗುತ್ತದೆ, ಒಂದು ದಿನದ ಬಂಗಾರಕ್ಕೆ ರೆಂಬೆ ರೆಂಬೆಯೇ ಮುರಿದು ಬರುತ್ತದೆ. ಇದಾದರೂ ಹಬ್ಬದ ಮಾತು. ಅಶೋಕದ ವಿಷಯ ಔಷಧಿಯದ್ದು. ಕಾಂಪೌಂಡಿನ ಪಕ್ಕ ಕಂಬದಂತೆ ನಿಂತಿರುವುದನ್ನು ನಾವೆಲ್ಲ ಅಶೋಕ ಅನ್ನುತ್ತೇವೆ. ನಿಜವಾದ ಅಶೋಕ, ಮರಾಠಿಯವರು ಸೀತೆಯ ಅಶೋಕ ಅಂತ ಬೇರೆಯಾಗಿ ಕರೆಯುವ ಸರಾಕ ಅಸೋಕ, ಈಗ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಹೆಂಗಸರ ಔಷಧಿಗೆ ಬೇಕಾದ ಅದರ ತೊಗಟೆಯ ಬದಲು ಕಂಬದ ಅಶೋಕದ ತೊಗಟೆ ಬೆರೆಸುವುದು ಆಯುರ್ವೇದದ ವ್ಯಾಪಾರದಲ್ಲಿ ಹಳೆಯ ದೂರು. ಮರಾಠಿಯವರು "ಸೀತೆಯ" ಅಂತ ಒಂದು ಪದ ಸೇರಿಸಿ ಎಷ್ಟು ಚೆನ್ನಾಗಿ ಬೇಲಿ ಹಾಕಿದ್ದಾರೆ ನೋಡಿ.

ಕಲಿಯೋದು ಯಾರಿಂದ? ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡರನ್ನು ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ, 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತಗೊಂಡವರು. ಶಾಲೆ ಕಂಡವರಲ್ಲ. ಯಾವ ತಾಯಿಮರದಿಂದ ಯಾವಾಗ ಬೀಜ ಆಯಬೇಕು ಅನ್ನೋದು ಅವರಿಗೆ ಗೊತ್ತಿತ್ತು, ಅರಣ್ಯ ಇಲಾಖೆಯ ನರ್ಸರಿ ಅದರ ಮೇಲೆ ನಿಂತಿತ್ತು. 2024ರ ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಪುಣೆಯಲ್ಲಿ ಹೇಮಾ ಸಾನೆ ಇದ್ದರು, ಗರವಾರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಪೇಟೆಯ ನಡುವೆ ಕರೆಂಟೇ ಇಲ್ಲದ ಮನೆಯಲ್ಲಿ ಜೀವನವಿಡೀ ಇದ್ದು, ಗಿಡಮರಗಳ ಬಗ್ಗೆ ಮರಾಠಿಯಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರೂ 2025ರಲ್ಲಿ ತೀರಿಕೊಂಡರು. ಒಬ್ಬರಿಗೆ ಲ್ಯಾಟಿನ್ ಇಲ್ಲ, ಇನ್ನೊಬ್ಬರಿಗೆ ಲ್ಯಾಟಿನ್ ಅಂಗೈಯಲ್ಲಿ. ಯಾರು ಹೆಚ್ಚು ಅಂತ ಕೇಳುವುದು ನನಗೆ ಅಸಹ್ಯ. ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಓದಿದವರಿಗೆ ಎರಡೂ ಬಗೆಯ ಹೆಸರುಗಳು ಒಂದೇ ಪಂಕ್ತಿಯಲ್ಲಿ ಕೂತು ನಗುನಗುತ್ತ ಉಣ್ಣಬಲ್ಲವು ಅನ್ನೋದು ಗೊತ್ತಿದೆ. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಣೆಯ ಮರಗಳಿಗೇ ಮೀಸಲಾದ ಪುಸ್ತಕ ಬೇಕಾದರೆ ಶ್ರೀಕಾಂತ ಇಂಗಳಹಳ್ಳೀಕರ ಮತ್ತು ಶರ್ವರಿ ಬರ್ವೆ 2010ರಲ್ಲಿ ತಂದದ್ದಿದೆ. (ಅವರ ಅಡ್ಡಹೆಸರು ಕೇಳಿದಾಗೆಲ್ಲ ನನಗೆ ಹುಬ್ಬಳ್ಳಿ ಹತ್ತಿರದ ಇಂಗಳಹಳ್ಳಿ ನೆನಪಾಗುತ್ತದೆ.) ಈಗಂತೂ ಮೊಬೈಲು ಎಲೆಯ ಫೋಟೋ ನೋಡಿ ಲ್ಯಾಟಿನ್ ಹೆಸರು ಒದರುತ್ತದೆ. ಒಳ್ಳೆಯದೇ. ಆದರೆ ಬೀಜ ತಿನ್ನಬಹುದಾ, ಕಟ್ಟಿಗೆ ಏನಕ್ಕೆ ಬರುತ್ತೆ ಅಂತ ಕೇಳೋಕೆ ಮನುಷ್ಯರೇ ಬೇಕು.

ಈಗ ನಮ್ಮ ಓಣಿಗೆ ಬರೋಣ, ಇಷ್ಟೆಲ್ಲ ಬರೆಯೋಕೆ ಕಾರಣವೂ ಅದೇ. ಹಳೆಯ ಸೊಸೈಟಿಯೊಂದು ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಆವರಣದ ಮರಗಳ ಪಟ್ಟಿ ತಯಾರಾಯಿತು. ಒಟ್ಟು 14 ಮರ, ಅದರಲ್ಲಿ 6 ಮರಗಳ ಮುಂದೆ "ಜಂಗಲಿ" ಅಂತ ಬರೆದಿತ್ತು. ಜಂಗಲಿ ಅಂದ ಮೇಲೆ ಯಾರು ಕೇಳುತ್ತಾರೆ ಹೇಳಿ? ಮಾವು, ತೆಂಗು ಅಂದಿದ್ದರೆ ನಾಲ್ಕು ಜನ ಅಯ್ಯೋ ಅನ್ನುತ್ತಿದ್ದರು. ಹೋಗಿ ನೋಡಿದರೆ ಎರಡು ಸುಬಾಬುಳ, ಒಂದು ಉಂಬರ, ಒಂದು ಕರಂಜ. ಉಳಿದ ಎರಡರ ಗುರುತು ಹಿಡಿದವರು ಎರಡನೇ ಮಹಡಿಯ ಕಾಕೂ, ಸಾತಾರ ಕಡೆಯವರು. ಎಲೆ ಹಿಸುಕಿ ನನ್ನ ಮೂಗಿಗೆ ಹಿಡಿದರು, ಕೆಟ್ಟ ನಾತ. "ಇದು ವಾವಳಾ. ಚಿಕ್ಕವರಿದ್ದಾಗ ಇದರ ಬೀಜ ಆರಿಸಿ ತಿಂತಿದ್ದೆವು" ಅಂದರು. ವಾವಳಾ ಅಂದರೆ ನನಗೆ ಏನೂ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದರೆ ಹೊಲೊಪ್ಟೀಲಿಯ ಇಂಟಿಗ್ರಿಫೋಲಿಯ. ಆ ಹೆಸರು ಹಿಡಿದು ಕನ್ನಡಕ್ಕೆ ಬಂದರೆ ತಪಸಿ! ನಮ್ಮೂರ ದಾರಿಯಲ್ಲಿ ತೆಳ್ಳನೆ ರೆಕ್ಕೆಯ ಬೀಜ ಗಾಳಿಗೆ ಹಾರಿಸುತ್ತಿದ್ದ ಅದೇ ತಪಸಿ ಗಿಡ. (ನಮ್ಮ ಕಡೆ ಎಷ್ಟೇ ದೊಡ್ಡ ಮರವಿದ್ದರೂ ಗಿಡವೇ.) ಕಾಕೂನ ವಾವಳಾದಿಂದ ನನ್ನ ತಪಸಿಗೆ ಹೋಗುವ ದಾರಿ ಲ್ಯಾಟಿನ್ ಮೂಲಕವೇ ಇತ್ತು.

ಇದು ಬರೀ ಭಾವನೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಮಹಾರಾಷ್ಟ್ರದ ನಗರಗಳ ಮರಗಳಿಗೆ 1975ರ ಕಾಯ್ದೆ ಇದೆ. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷ ಅಂತ ಗುರುತಿಸಿದ್ದಾರೆ, ಕಡಿದರೆ ಮರದ ವಯಸ್ಸು ಎಷ್ಟೋ ಅಷ್ಟು ಸಸಿಯನ್ನಾದರೂ ನೆಡಬೇಕು. ವಯಸ್ಸು ಅಂದಾಜು ಮಾಡೋದು ಹೇಗೆ? ಕಾಂಡದ ಸುತ್ತಳತೆಯಿಂದ. ಆದರೆ ಮಳೆಮರ ಹತ್ತಿಪ್ಪತ್ತು ವರ್ಷದಲ್ಲಿ ಸೊಂಟ ದಪ್ಪ ಮಾಡಿಕೊಂಡುಬಿಡುತ್ತದೆ, ಹುಣಸೆ ನಿಧಾನ. ಒಂದೇ ಸುತ್ತಳತೆ, ಬೇರೆ ಮರ ಆದರೆ ಬೇರೆ ವಯಸ್ಸು. ಹೆಸರಿನ ಕಾಲಂನಲ್ಲಿ "ಜಂಗಲಿ" ಅಂತ ಬರೆದರೆ ವಯಸ್ಸಿನ ಕಾಲಂನಲ್ಲಿ ಏನು ಬೇಕಾದರೂ ಬರೆಯಬಹುದು. ನಮ್ಮ ಪಟ್ಟಿಯಲ್ಲಿ ಆರೂ ಜಂಗಲಿಗಳಿಗೆ 20 ವರ್ಷ ಅಂತ ಬರೆದಿತ್ತು. ಆ ಕಟ್ಟಡಕ್ಕೇ 45 ಆಗಿದೆ, ಗೃಹಪ್ರವೇಶದ ಫೋಟೋದಲ್ಲಿ ದೊಡ್ಡ ವಾವಳಾ ಆಗಲೇ ಮೊದಲ ಮಹಡಿ ಮುಟ್ಟಿದೆ.

ನಾವು ನಾಲ್ಕು ಜನ ಸೇರಿ ಆಕ್ಷೇಪಣೆ ಬರೆದೆವು. ಪ್ರತಿ ಮರಕ್ಕೂ ಮರಾಠಿ ಹೆಸರು, ಶಾಸ್ತ್ರೀಯ ಹೆಸರು, ನಿಂತಿರುವ ಜಾಗ, ಜೊತೆಗೆ ಆ ಹಳೆಯ ಫೋಟೋದ ಜೆರಾಕ್ಸು. ಸುಬಾಬುಳ ಎರಡೂ ಹೋದರೆ ನಮ್ಮ ಅಡ್ಡಿಯಿಲ್ಲ ಅಂತಲೂ ಬರೆದೆವು. ಅದು ಅಮೆರಿಕ ಖಂಡದಿಂದ ಬಂದು ಕಂಡಲ್ಲೆಲ್ಲ ಹಬ್ಬುವ ಜಾತಿ. ಎಲ್ಲ ಮರವನ್ನೂ ಉಳಿಸಿ ಅಂತ ಕೂಗುವವರನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಇಂಥದ್ದನ್ನು ಇಂಥ ಕಾರಣಕ್ಕೆ ಉಳಿಸಿ ಅಂದರೆ ಉತ್ತರವನ್ನಾದರೂ ಕೊಡಬೇಕಾಗುತ್ತದೆ.

ಹೋದ ವಾರ ಹೊಸ ಪಟ್ಟಿ ಬಂದಿದೆ. ಜಂಗಲಿ ಅನ್ನುವ ಪದ ಇಲ್ಲ. ಉಂಬರ, ಕರಂಜ ಎರಡನ್ನೂ ಉಳಿಸುವುದಾಗಿ ಒಪ್ಪಿದ್ದಾರೆ. ವಾವಳಾ ಎರಡರಲ್ಲಿ ಸಣ್ಣದು ಪಾರ್ಕಿಂಗಿಗೆ ಅಡ್ಡ ಬರುತ್ತದಂತೆ, ಕಡಿಯುವ ಪಟ್ಟಿಯಲ್ಲೇ ಇದೆ. ದೊಡ್ಡದರ ವಯಸ್ಸು 20ರಿಂದ 40ಕ್ಕೆ ಏರಿದೆ, 50 ಆಗೋಕೆ ಇನ್ನೂ ಹತ್ತು ಕಡಿಮೆ ಇಟ್ಟಿದ್ದಾರೆ, ಸುತ್ತಳತೆಯನ್ನೂ ಕಡಿಮೆ ಬರೆದಿದ್ದಾರೆ. ಈ ಆದಿತ್ಯವಾರ ಬೆಳಿಗ್ಗೆ ಟೇಪು ಹಿಡಿದು ಹೋಗಬೇಕು. ಕಾಕೂ ಚಹಾ ಮಾಡಿಕೊಂಡು ಬರುತ್ತಾರಂತೆ.